ಬೇವಿನ ಮರದ ಕೆಳಗೆ ಕಾಯುವ ಗಂಡಂದಿರು

ಬಾಗಲಕೋಟೆ ಜಿಲ್ಲೆಯ ತಾಲೂಕು ಆಸ್ಪತ್ರೆಯೊಂದರಲ್ಲಿ ನಾನು ಎಚ್‌ಐವಿ ಆಪ್ತ ಸಮಾಲೋಚಕಿ. ಬಸುರಿಯರ ತಪಾಸಣೆಯ ದಿನ ಹೆಣ್ಣುಮಕ್ಕಳು ಒಳಗೆ ರಕ್ತಪರೀಕ್ಷೆಗೆ ಸಾಲಾಗಿ ನಿಲ್ಲುತ್ತಾರೆ. ಅವರ ಗಂಡಂದಿರು ಗೇಟಿನ ಹೊರಗೆ, ಬೇವಿನ ಮರದ ನೆರಳಿನಲ್ಲಿ ಬೈಕಿನ ಮೇಲೆ ಕೂತಿರುತ್ತಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಐದು ತಿಂಗಳ ಬಸುರಿಯೊಬ್ಬಳಿಗೆ ಪಾಸಿಟಿವ್ ಬಂತು. ‘ನಾಳೆ ನಿಮ್ಮ ಮನಿಯವರನ್ನ ಕರಕೊಂಡು ಬರ್ರಿ’ ಎಂದು ಹೇಳಿ ಕಳಿಸಿಬಿಟ್ಟೆ. ಮೂರು ವಾರ ಕಳೆದು ಆಕೆ ಬಂದಿದ್ದು ತವರಿನ ತಾಯಿಯ ಜೊತೆ. ಗಂಡನಿಗೆ ಹೇಳಿದ ರಾತ್ರಿಯೇ ಅತ್ತೆ ಬಟ್ಟೆಗಂಟು ಹೊರಗಿಟ್ಟಿದ್ದಳಂತೆ. ಮೊದಲು ಗೊತ್ತಾಗಿದ್ದು ಆಕೆಗೆ, ಹಾಗಾಗಿ ರೋಗ ತಂದವಳೂ ಆಕೆಯೇ ಎಂದು ಮನೆಯವರು ತೀರ್ಮಾನಿಸಿದ್ದರು. ಗಂಡ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. ‘ಅಕ್ಕಾರ, ನೀವ ಹೇಳಿದ್ರ ನಂಬ್ತಿದ್ರೇನೋ’ ಅಂದಳು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ಆ ಸುದ್ದಿ ಹೊರುವ ಕೆಲಸವನ್ನು ಯಾವ ಹೆಂಡತಿಗೂ ಒಪ್ಪಿಸಿಲ್ಲ. ಯಾರ ಫಲಿತಾಂಶವೂ ಬರುವ ಮೊದಲೇ ಮರದ ಹತ್ತಿರ ಹೋಗಿ ಕರೆಯುತ್ತೇನೆ: ‘ಕೂಸಿನ ಸಲುವಾಗಿ ನಿಮ್ಮ ರಕ್ತಾನೂ ನೋಡೋಣು, ಬರ್ರಿ.’ ದಿನಗೂಲಿ ತಪ್ಪುತ್ತದೆ, ಹೆಂಗಸರ ನಡುವೆ ನಾನೇನು ಮಾಡಲಿ ಎನ್ನುವವರೇ ಹೆಚ್ಚು. ಆದರೂ ಕೆಲವರು ಬೈಕಿನಿಂದ ಇಳಿಯುತ್ತಾರೆ.

ಜೋಡಿಯಾಗಿ ಕೂರಿಸಿ ಫಲಿತಾಂಶ ಹೇಳಿದರೆ ಸಂಸಾರ ಒಡೆಯುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಅಂಜಿಕೆ ಸುಳ್ಳಲ್ಲ. ಆದ್ದರಿಂದಲೇ ಮೊದಲು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸುತ್ತೇನೆ. ಹೆಂಗಸಿಗೆ ಹೊಡೆತದ ಭಯವಿದೆಯೇ, ಇಬ್ಬರೂ ಒಟ್ಟಿಗೆ ಕೇಳಲು ಒಪ್ಪುತ್ತಾರೆಯೇ ಎಂದು ತಿಳಿದುಕೊಳ್ಳುತ್ತೇನೆ. ಸಂಗಾತಿಗೆ ತಿಳಿಸಿದರೆ ಹಿಂಸೆಯಾದೀತು, ಮನೆ ಬಿಡಿಸಿಯಾರು ಎಂಬ ಆತಂಕವಿದ್ದರೆ ತಿಳಿಸಕೂಡದೆಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಎಲ್ಲ ಜೋಡಿಗೂ ಒಂದೇ ಕ್ರಮ ನಡೆಯುವುದಿಲ್ಲ.

ಒಬ್ಬರಿಗೆ ಪಾಸಿಟಿವ್, ಇನ್ನೊಬ್ಬರಿಗೆ ನೆಗೆಟಿವ್ ಬಂದಾಗ ಮಾತ್ರ ಇಬ್ಬರೂ ಎದುರಿಗಿರಲೇಬೇಕೆನ್ನಿಸುತ್ತದೆ. ‘ಇವರಿಗೈತಿ, ನನಗ್ಯಾಕಿಲ್ಲ?’ ಎಂಬ ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೇಳಬೇಕು. ಗುಳಿಗೆ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು, ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್ ಬೇಕು, ನೆಗೆಟಿವ್ ಇರುವವರು ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕು. ಇದನ್ನು ಗಂಡನೊಬ್ಬನಿಗೇ ಹೇಳಿ ಕಳಿಸಿದರೆ ಮನೆಯಲ್ಲಿ ಅವನ ಮಾತಿಗೆ ನಂಬಿಕೆ ಸಿಗುವುದಿಲ್ಲ. ಒಕ್ಕಲುತನದ ಜೋಡಿಯೊಂದು ಒಟ್ಟಿಗೇ ಕೇಳಿಸಿಕೊಂಡು ಹೋಯಿತು. ರಾತ್ರಿ ಒಂಬತ್ತಕ್ಕೆ ಹೆಂಡತಿಯ ಮೊಬೈಲಿನಲ್ಲಿ ಅಲಾರಾಂ ಹೊಡೆಯುತ್ತದೆ, ಆಕೆ ನೀರಿನ ತಂಬಿಗೆ ತಂದಿಡುತ್ತಾಳೆ, ಅವನು ಗುಳಿಗೆ ನುಂಗುತ್ತಾನೆ. ಆಕೆ ಇನ್ನೂ ನೆಗೆಟಿವ್.

ಹೆಂಡತಿಯನ್ನು ತಪಾಸಣೆಗೆ ಕರೆತರುವ ಅಣ್ಣಂದಿರೇ, ಗೇಟಿನ ಹೊರಗೆ ನಿಲ್ಲಬೇಡಿ, ಒಳಗೆ ಬನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೂ ಗುಳಿಗೆಗೂ ದುಡ್ಡಿಲ್ಲ. ಮೊದಲು ಫೋನಿನಲ್ಲೇ ಕೇಳಿ ತಿಳಿಯಬೇಕೆಂದರೆ 1097ಕ್ಕೆ ಕರೆ ಮಾಡಿ, ಅದೂ ಉಚಿತ.