ಮೂಗಿಗೆ ಹೋಗುವ ಬೆರಳು: ಪೋಷಕರಿಗೆ ಒಂದು ಕಿವಿಮಾತು

ಮಾರ್ಚ್ ಕಳೆಯುತ್ತಿದ್ದಂತೆ ಹಡಗಲಿ ಸೀಮೆಯ ತಾಯಂದಿರ ಬಾಯಲ್ಲಿ ಈ ಮಾತು ಹೆಚ್ಚಾಗಿ ಕೇಳಿಸುತ್ತದೆ: “ಹುಡುಗಗ ಉಷ್ಣ ಆಗೈತ್ರಿ, ಮೂಗಿನಾಗ ರಕ್ತ ಬರಾಕತ್ತೈತಿ.” ಮಗು ಹಿರೇಹಡಗಲಿಯದಿರಲಿ, ಹೊಳಲು, ಮಾಗಳದ್ದಿರಲಿ, ಮೂಗಿಗೆ ಟಾರ್ಚ್ ಹಿಡಿದು ನೋಡಿದರೆ ಬಹಳ ಸಲ ಕಾಣುವುದು ಒಂದೇ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಬೆರಳ ತುದಿ ಸಲೀಸಾಗಿ ಮುಟ್ಟುವ ಜಾಗದಲ್ಲಿ, ಒಂದು ಗೀರು. ಅದರ ಮೇಲೆ ಒಣಗಿದ ಹಕ್ಕಳೆ. ಎಳನೀರು, ಮಜ್ಜಿಗೆ ಕೊಡಿ, ಬೇಸಿಗೆಗೆ ಹಿತವೇ. ಆದರೆ ಆ ಗೀರು ಮಾಯಬೇಕಾದರೆ ಮೂಗಿನ ಕಡೆಗೇ ಗಮನ ಕೊಡಬೇಕು.

ಮಕ್ಕಳ ಮೂಗಿನ ರಕ್ತಸ್ರಾವಕ್ಕೆ ಮೂಗಿನಲ್ಲಿ ಬೆರಳಾಡಿಸುವುದು ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು. ಇದನ್ನು ಹೇಳಿದರೆ ಅನೇಕ ತಂದೆತಾಯಿಗಳು ಮಗುವಿನ ಕಡೆ ಸಿಟ್ಟಿನಿಂದ ನೋಡುತ್ತಾರೆ, ಮಗು ತಲೆ ತಗ್ಗಿಸುತ್ತದೆ. ಅವಮಾನಪಡುವಂಥದ್ದು ಇಲ್ಲಿ ಏನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಚಿತ್ತರಂಜನ್ ಅಂದ್ರಾದೆ ಮತ್ತು ಬಿ. ಎಸ್. ಶ್ರೀಹರಿ ಎಂಬ ವೈದ್ಯರು ನಗರದ ನಾಲ್ಕು ಶಾಲೆಗಳ 200 ಹದಿಹರೆಯದ ವಿದ್ಯಾರ್ಥಿಗಳನ್ನು ಈ ಬಗ್ಗೆ ಪ್ರಶ್ನಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲರೂ ಮೂಗಿಗೆ ಬೆರಳು ಹಾಕುವುದನ್ನು ಒಪ್ಪಿಕೊಂಡರು. ದಿನಕ್ಕೆ ನಾಲ್ಕು ಸಲ ಎಂಬುದು ಮಧ್ಯದ ಲೆಕ್ಕ. ಶೇ 7.6ರಷ್ಟು ಮಕ್ಕಳು ದಿನಕ್ಕೆ 20ಕ್ಕಿಂತ ಹೆಚ್ಚು ಸಲ ಹಾಕುತ್ತಿದ್ದರು. ನಾಲ್ವರಲ್ಲಿ ಒಬ್ಬರಿಗೆ ಇದರಿಂದ ಆಗಾಗ ರಕ್ತ ಬರುತ್ತಿತ್ತು. ಸುಮಾರು ಶೇ 17ರಷ್ಟು ಮಕ್ಕಳು ಇದು ತಮಗೆ ಗಂಭೀರ ತೊಂದರೆಯಾಗಿದೆ ಎಂದರು. ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಪ್ರಶಸ್ತಿ ಅದೇ ವರ್ಷ ಈ ಅಧ್ಯಯನಕ್ಕೆ ಬಂತು. ಹದಿನೇಳು ಪ್ರತಿಶತ ಮಕ್ಕಳ ಆ ಸಂಕಟವನ್ನು ಯಾರೋ ಕುಳಿತು ಕೇಳಿದರು ಎಂಬುದೇ ನನಗೆ ಅದರ ದೊಡ್ಡ ಬೆಲೆ.

ಗೀರು ಕಾಣುವ ಆ ಜಾಗದಲ್ಲೇ ರಕ್ತ ಏಕೆ? ಮೂಗಿನ ನಡುಗೋಡೆಯ ಮುಂಭಾಗದಲ್ಲಿ ಬೇರೆ ಬೇರೆ ದಿಕ್ಕಿನಿಂದ ಬರುವ ನಾಲ್ಕೈದು ರಕ್ತನಾಳಗಳ ಕವಲುಗಳು ಹೆಣೆದುಕೊಂಡಿವೆ. ವೈದ್ಯರು ಇದನ್ನು ಲಿಟಲ್ಸ್ ಏರಿಯಾ ಎನ್ನುತ್ತಾರೆ. ಮೂಗಿನ ರಕ್ತಸ್ರಾವದಲ್ಲಿ ಹತ್ತಕ್ಕೆ ಒಂಬತ್ತು ಶುರುವಾಗುವುದು ಇಲ್ಲಿಂದಲೇ. ಮೇಲಿನ ಪೊರೆ ತೀರಾ ತೆಳು. ನಮ್ಮ ಬೇಸಿಗೆಯ ಒಣಗಾಳಿಗೆ ಅದು ಬಿರಿಯುತ್ತದೆ, ಒಸರಿದ ನೀರು ಒಣಗಿ ಹಕ್ಕಳೆಯಾಗುತ್ತದೆ, ಹಕ್ಕಳೆ ಕೆರೆಯುತ್ತದೆ, ಬೆರಳು ಹೋಗುತ್ತದೆ. ಹಕ್ಕಳೆ ಕಿತ್ತರೆ ಹೊಸ ಗಾಯ, ನಾಳೆ ಅಲ್ಲೇ ಇನ್ನೂ ದಪ್ಪ ಹಕ್ಕಳೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. ಮಗುವಿಗೆ ಬೆರಳು ಹಾಕುವ ಚಾಳಿ ಇದೆ ಎನ್ನುತ್ತೇವೆ, ಆ ಬೆರಳನ್ನು ಕರೆಯುವ ಮೂಗನ್ನು ಮರೆಯುತ್ತೇವೆ.

ಮೆಕ್ಕೆಜೋಳ ಒಕ್ಕುವ ಕಾಲದ ಹೊಟ್ಟು, ಶೇಂಗಾ ಬಿಡಿಸುವಾಗ ಏಳುವ ಮಣ್ಣು, ಮನೆಯೊಳಗಿನ ಒಲೆ ಹೊಗೆ, ಸೊಳ್ಳೆ ಬತ್ತಿ, ಇವೆಲ್ಲ ಮೂಗನ್ನು ಇನ್ನಷ್ಟು ಕೆರಳಿಸುತ್ತವೆ. ಮೈಲಾರ ಜಾತ್ರೆಗೆ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೋಗುವವರು ನಾವು. ಲಕ್ಷಗಟ್ಟಲೆ ಜನ ತುಳಿದ ದೂಳು, ಮೇಲಿಂದ ಭಂಡಾರ. ಹೋಗಿ ಬನ್ನಿ, ಮನೆಗೆ ಬಂದ ಮೇಲೆ ಮಗುವಿನ ಮುಖ, ಕೈ ತೊಳೆದು ಮೂಗಿಗೆ ಎರಡು ಹನಿ ಉಪ್ಪುನೀರು ಬಿಡಿ. ವರ್ಷವಿಡೀ ಸೀನು, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುವುದು, ಕಣ್ಣು ತುರಿಕೆ ಇದ್ದರೆ ಅದು ಅಲರ್ಜಿ ಇರಬಹುದು. ಅದಕ್ಕೆ ಚಿಕಿತ್ಸೆ ಸಿಕ್ಕರೆ ಬೆರಳು ತಾನಾಗಿ ಕಡಿಮೆಯಾಗುವುದನ್ನು ನೋಡುತ್ತೇವೆ.

ರಕ್ತ ಕಂಡಾಗ ಹೆದರಿಕೆಯಾಗುತ್ತದೆ, ಕೈಗೆ ಸಿಕ್ಕಿದ್ದನ್ನು ಮಾಡುತ್ತೇವೆ. ತಲೆ ಹಿಂದಕ್ಕೆ ಬಾಗಿಸುವುದು, ನೆತ್ತಿಗೆ ತಣ್ಣೀರು ಸುರಿಯುವುದು, ಉಳ್ಳಾಗಡ್ಡಿ ಜಜ್ಜಿ ಮೂಸಿಸುವುದು, ಹೊಳ್ಳೆಗೆ ಅರಿವೆ ತುರುಕುವುದು. ಇವು ಯಾವುವೂ ಬೇಡ. ತಲೆ ಹಿಂದಕ್ಕೆ ಬಾಗಿದರೆ ರಕ್ತ ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತದೆ, ಆಮೇಲೆ ಮಗು ಕಪ್ಪಗೆ ವಾಂತಿ ಮಾಡಿದಾಗ ಗಾಬರಿ ಎರಡರಷ್ಟಾಗುತ್ತದೆ. ಮಗುವನ್ನು ಕೂರಿಸಿ, ತಲೆ ತುಸು ಮುಂದಕ್ಕೆ ಬಾಗಿಸಿ. ಮೂಗಿನ ಮೆತ್ತನೆಯ ಕೆಳಭಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಾಯಲ್ಲಿ ಉಸಿರಾಡಲಿ, ಬಾಯಿಗೆ ಬಂದ ರಕ್ತ ಉಗುಳಲಿ. ಗಡಿಯಾರ ನೋಡಿ ಪೂರ್ತಿ 10 ನಿಮಿಷ. ನಡುವೆ ‘ನಿಂತಿತೇ’ ಎಂದು ಬಿಟ್ಟು ನೋಡಬೇಡಿ, ಬಿಟ್ಟರೆ ಲೆಕ್ಕ ಮೊದಲಿನಿಂದ. ಎರಡು ಸಲ ಹೀಗೆ ಹಿಡಿದರೂ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ.

ಕೆಲವು ಸಂದರ್ಭಗಳಲ್ಲಿ ಬೆರಳನ್ನೇ ಕಾರಣವೆಂದು ತಿಳಿದು ಕೂರಬಾರದು. ಜ್ವರದ ಜೊತೆ ಮೂಗಿನಲ್ಲಿ ರಕ್ತ ಬಂದರೆ ಡೆಂಗಿ ಇರಬಹುದು. ಒಸಡಿನಲ್ಲೂ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಮಗು ಬಿಳಿಚಿಕೊಳ್ಳುವುದು ಕಂಡರೆ ರಕ್ತಪರೀಕ್ಷೆ ಆಗಲೇಬೇಕು. ಎರಡು ವರ್ಷದೊಳಗಿನ ಕೂಸಿಗೆ ಮೂಗಿನಲ್ಲಿ ರಕ್ತ ಬರುವುದು ಅಪರೂಪ, ಬಂದರೆ ತೋರಿಸಿ. ಹದಿಹರೆಯದ ಹುಡುಗನಿಗೆ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡು, ಮತ್ತೆ ಮತ್ತೆ ಜೋರಾಗಿ ರಕ್ತ ಹೋಗುತ್ತಿದ್ದರೆ ಮೂಗಿನ ಹಿಂಭಾಗದಲ್ಲಿ ಗಡ್ಡೆ ಇದೆಯೇ ಎಂದು ಕಿವಿ-ಮೂಗು-ಗಂಟಲು ತಜ್ಞರು ನೋಡಬೇಕು. ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತಿದ್ದರೆ ಒಳಗೆ ಹುಣಸೆ ಬೀಜವೋ, ಶೇಂಗಾ ಕಾಳೋ, ಮಣಿಯೋ ಸಿಕ್ಕಿಕೊಂಡಿರಬಹುದು. ಮನೆಯಲ್ಲಿ ಪಿನ್ನು ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಆಟಿಕೆಯ ಗುಂಡಿ ಬ್ಯಾಟರಿಯಾದರಂತೂ ಕೆಲವೇ ಗಂಟೆಗಳಲ್ಲಿ ಮೂಗಿನ ಗೋಡೆಯನ್ನು ಸುಡುತ್ತದೆ, ಬೆಳಗಾಗುವವರೆಗೂ ಕಾಯಬೇಡಿ.

ರಕ್ತ ಬಿಟ್ಟರೆ ಮುಂದಿನ ತೊಂದರೆ ಸೋಂಕು. ಉಗುರಿನ ಗೀರಿನಲ್ಲಿ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿ ಹೊಳ್ಳೆಯ ಬಾಯಿ ಕೆಂಪಗಾಗುತ್ತದೆ, ಹಳದಿ ಹಕ್ಕಳೆ ಕಟ್ಟುತ್ತದೆ, ಕೂದಲ ಬುಡದಲ್ಲಿ ಕುರು ಏಳುತ್ತದೆ. ಮೂಗಿನ ಕುರುವನ್ನು ಎಂದೂ ಹಿಸುಕಬೇಡಿ. ಆ ಭಾಗದ ರಕ್ತನಾಳಗಳಿಗೆ ಕಣ್ಣಿನ ಹಿಂದೆ, ಮೆದುಳಿನ ಬುಡದಲ್ಲಿರುವ ನಾಳಗಳ ಸಂಪರ್ಕವಿದೆ. ಸೋಂಕು ಅಲ್ಲಿಗೆ ಹೋಗುವುದು ಬಹಳ ವಿರಳ, ಹೋದರೆ ಜೀವಕ್ಕೇ ಅಪಾಯ. ಕುರುವಿನ ಜೊತೆ ಜ್ವರ, ಕಣ್ಣು ಊತ, ಜೋರು ತಲೆನೋವು ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ವರ್ಷಗಟ್ಟಲೆ ಎರಡೂ ಕಡೆಯಿಂದ ಕೆರೆದವರಲ್ಲಿ ನಡುಗೋಡೆಗೆ ತೂತು ಬೀಳುವುದೂ ಉಂಟು. ಅಲ್ಲಿನ ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ, ಎರಡು ಬದಿಯ ಪೊರೆಯೇ ಅದಕ್ಕೆ ಆಹಾರ. ಮಕ್ಕಳಲ್ಲಿ ಇದು ಅಪರೂಪ. ಬೆರಳು ಹಾಕಿದರೆ ಮೂಗು ದಪ್ಪವಾಗುತ್ತದೆ ಎಂದು ಹೆಣ್ಣುಮಕ್ಕಳನ್ನು ಹೆದರಿಸುವವರಿದ್ದಾರೆ, ಅದು ಸುಳ್ಳು. ಮೂಗಿಗೆ ಬೆರಳು ಹಾಕಿದರೆ ಮರೆವಿನ ಕಾಯಿಲೆ ಬರುತ್ತದೆ ಎಂಬ ಸುದ್ದಿ ಮೊಬೈಲಿನಲ್ಲಿ ಓಡಾಡುತ್ತಿದೆ. ಅದರ ಮೂಲ 2022ರಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗ. ಮನುಷ್ಯರಲ್ಲಿ ಹಾಗೆಂದು ಸಾಬೀತಾಗಿಲ್ಲ.

ಬೆರಳಿನಿಂದ ಮೂಗಿಗೆ, ಮೂಗಿನಿಂದ ಬೆರಳಿಗೆ ಶೀತದ ವೈರಾಣು ಓಡಾಡುವುದಂತೂ ನಿಜ. ಬೆರಳು ಬಾಯಿಗೂ ಹೋಗುವ ಮಗುವಾದರೆ ಉಗುರಿನ ಸಂದಿಯಲ್ಲಿರುವ ಜಂತುಹುಳದ ಮೊಟ್ಟೆಯೂ ಒಳಸೇರಬಹುದು. ಉಗುರನ್ನು ವಾರಕ್ಕೊಮ್ಮೆ ಕತ್ತರಿಸಿ, ಅಂಗನವಾಡಿ, ಶಾಲೆಯಲ್ಲಿ ಕೊಡುವ ಜಂತುಹುಳ ಮಾತ್ರೆ ತಪ್ಪಿಸಬೇಡಿ.

ಮೂಗನ್ನು ಒದ್ದೆಯಾಗಿಡುವುದೇ ಮದ್ದಿನ ಮುಖ್ಯ ಭಾಗ. ಔಷಧಿ ಅಂಗಡಿಯ ಸಲೈನ್ ಹನಿ ಬೆಳಿಗ್ಗೆ, ರಾತ್ರಿ ಎರಡೆರಡು ಸಾಕು. ಮಲಗುವ ಮುನ್ನ ದೊಡ್ಡ ಮಕ್ಕಳಿಗೆ ಹೊಳ್ಳೆಯ ಬಾಯಿಗೆ ಮಾತ್ರ ತೆಳ್ಳಗೆ ವ್ಯಾಸಲೀನ್ ಸವರಿ. ಕೂಸಿಗೆ ಎರೆಯುವಾಗ ಮೂಗಿಗೆ ಎಣ್ಣೆ ಹನಿಸುವ ರೂಢಿ ನಮ್ಮ ಅಜ್ಜಿಯರಲ್ಲಿದೆ. ಅವರ ಅಕ್ಕರೆ ದೊಡ್ಡದು, ಆದರೆ ಈ ಒಂದನ್ನು ದಯವಿಟ್ಟು ಬಿಡಿಸಿ. ಎಣ್ಣೆ ಶ್ವಾಸಕೋಶಕ್ಕಿಳಿದರೆ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಬೆರಳಿಗೆ ಖಾರದಪುಡಿ ಹಚ್ಚುವುದನ್ನೂ ಕಂಡಿದ್ದೇನೆ. ಗಾಯವಿರುವ ಮೂಗಿಗೆ, ಕಣ್ಣಿಗೆ ಅದು ತಾಗುವ ಉರಿಯನ್ನು ನೆನೆದರೆ ಯಾರೂ ಹಚ್ಚಲಾರರು.

ಗಾಯ ಮಾದ ಮೇಲೂ ಬೆರಳು ಹೋಗುತ್ತಿದ್ದರೆ ಅದು ಯಾವ ಹೊತ್ತಿನಲ್ಲಿ ಎಂದು ಒಂದು ವಾರ ಸುಮ್ಮನೆ ಗಮನಿಸಿ. ಸಾಮಾನ್ಯವಾಗಿ ಟಿವಿ ಮುಂದೆ, ಹೋಂವರ್ಕಿನ ಹೊತ್ತಿನಲ್ಲಿ, ನಿದ್ದೆ ಬರುವಾಗ. ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡಿ: ಚೆಂಡು ಹಿಸುಕಲಿ, ನಿಮ್ಮ ಜೊತೆ ಕೂತು ಮಲ್ಲಿಗೆ ಮೊಗ್ಗು ಕಟ್ಟಲಿ. ಜನರೆದುರು ಬೈಯಬೇಡಿ, ಕೈಗೆ ಹೊಡೆಯಬೇಡಿ. ನೀವಿಬ್ಬರೇ ಒಪ್ಪಿಕೊಂಡ ಒಂದು ಸನ್ನೆ ಇರಲಿ, ಕರವಸ್ತ್ರ ಜೇಬಿನಲ್ಲಿರಲಿ. ಉಗುರು ಕಚ್ಚುವುದು, ಕೂದಲು ಕೀಳುವುದೂ ಜೊತೆಗಿದ್ದರೆ, ಬೇಡವೆಂದರೂ ನಿಲ್ಲಿಸಲಾಗುತ್ತಿಲ್ಲ ಎಂದು ಮಗುವೇ ಹೇಳಿದರೆ, ಅದನ್ನು ಹಟವೆಂದು ತಿಳಿಯಬೇಡಿ. ಇಂಥ ಅಭ್ಯಾಸಗಳನ್ನು ಬಿಡಿಸಲು ಮನೋವೈದ್ಯರಲ್ಲಿ ಪಳಗಿದ ತರಬೇತಿ ವಿಧಾನಗಳಿವೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತಾಡಬಹುದು, ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕೆಂದು ಅವರೇ ತಿಳಿಸುತ್ತಾರೆ.