ಜಲನಿರೋಧಕ ಚೀಲಕ್ಕೆ ತೇಪೆ

ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿಗೆ ಸೈಕಲ್ ಪ್ರವಾಸ ಹೊರಟ ವಿದ್ಯಾರ್ಥಿಗಳು ಮಸ್ಕಿಯ ಶಿಲಾಶಾಸನವನ್ನು ನೋಡದೆ ಮುಂದೆ ಸಾಗಲಾರರು. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇರುವುದು. ಅಲ್ಲಿ ಬರೆದುಕೊಂಡ ಟಿಪ್ಪಣಿಗಳು ಚೀಲದಲ್ಲಿರುವಾಗ, ಹಾದಿಬದಿಯ ಜಾಲಿಮುಳ್ಳು ಚೀಲವನ್ನು ಸೀಳಿತೆನ್ನೋಣ, ಮೋಡವೂ ಕವಿದಿದೆ. ಆಗ ಮಾಡತಕ್ಕುದೇನು?

ಮೊದಲು ಹೊಳೆಯುವುದು ಸೂಜಿ ದಾರ. ಆದರೆ ನೀರನ್ನು ತಡೆಯುವುದು ಬಟ್ಟೆಯ ನೂಲಲ್ಲ, ಅದರ ಮೇಲಿನ ಲೇಪ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತಾಷನು ನಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಹರಡಿ ಜಲನಿರೋಧಕ ವಸ್ತ್ರಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಚೀಲಗಳಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಗೆ ಪಿವಿಸಿ ಇಲ್ಲವೆ ಪಾಲಿಯುರೆಥೇನ್ ಲೇಪವಿರುವುದು. ಸೂಜಿಯ ಒಂದೊಂದು ರಂಧ್ರವೂ ಈ ಲೇಪವನ್ನು ಭೇದಿಸುವುದು. ಹೊಲಿಗೆ ಬಲವನ್ನು ಕೊಡಬಲ್ಲುದು. ನೀರನ್ನು ತಡೆಯಲು ತೇಪೆಯೇ ಬೇಕು.

ಅಂಟು ಹಿಡಿಯಬೇಕಾದರೆ ಅದು ಲೇಪವನ್ನೇ ಮುಟ್ಟಬೇಕು. ಈ ಸೀಮೆಯ ಎರೆಮಣ್ಣಿನ ನುಣುಪಾದ ಧೂಳು ನಡುವೆ ಉಳಿದರೆ ಅಂಟು ಧೂಳಿಗೆ ಹತ್ತುವುದೇ ಹೊರತು ಚೀಲಕ್ಕಲ್ಲ. ಆದುದರಿಂದ ಸೀಳಿನ ಸುತ್ತಲೂ ತೊಳೆದು, ಪೂರ್ತಿಯಾಗಿ ಒಣಗಿಸಬೇಕು. ತೇಪೆಯು ಸೀಳಿಗಿಂತ ಎಲ್ಲ ಕಡೆಗೂ 2 ಸೆಂಟಿಮೀಟರಿನಷ್ಟು ಹೆಚ್ಚಾಗಿರಲಿ. ಅದರ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪಾದ ಮೂಲೆಯಲ್ಲಿ ಸೆಳೆತವು ಒಂದೆಡೆ ಸೇರಿ, ತೇಪೆ ಅಲ್ಲಿಂದಲೇ ಏಳತೊಡಗುವುದು. ಸಾಧ್ಯವಿದ್ದರೆ ತೇಪೆಯನ್ನು ಒಳಗಡೆ ಹಚ್ಚಬೇಕು. ಒಳಗಿನ ಸಾಮಾನಿನ ಒತ್ತಡವೇ ಅದನ್ನು ಬಟ್ಟೆಗೆ ಅದುಮಿ ಹಿಡಿಯುವುದು.

ಪಂಕ್ಚರ್ ಹಾಕುವ ಸೊಲ್ಯೂಷನ್ ಸಾಲದೆ ಎಂದು ಕೇಳಬಹುದು. ಅದು ರಬ್ಬರಿಗೆ ತಕ್ಕುದು. ಪಿವಿಸಿಯನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂತಹ ದ್ರವ್ಯವು ಮೆಲ್ಲನೆ ಹೊರಬಂದು ಆ ಅಂಟನ್ನು ಸಡಿಲಿಸುವುದು. ಪಿವಿಸಿಗೆಂದೇ ತಯಾರಾದ, ಒಣಗಿದ ಮೇಲೂ ಬಾಗುವ ಅಂಟು ಒಳ್ಳೆಯದು. ಅದನ್ನು ತೆಳುವಾಗಿ ಸವರಿ, ದ್ರಾವಕವು ಆರಿಹೋಗುವಷ್ಟು ಕಾದು, ಆಮೇಲೆ ಒತ್ತಬೇಕು. ದ್ರಾವಕದ ಆವಿಗೆ ಬೆಂಕಿ ಬೇಗ ತಗಲುವುದರಿಂದ ಒಲೆಯ ಬಳಿ ಈ ಕೆಲಸ ಸಲ್ಲದು. ಅಂಟು ದೊರೆಯದಿದ್ದರೆ ಬಟ್ಟೆಯ ಅಂಟುಪಟ್ಟಿಯನ್ನು ಒಳಗೂ ಹೊರಗೂ ಹಚ್ಚಿ ಊರು ಸೇರಬಹುದು.

ಕೊನೆಯದು ಪರೀಕ್ಷೆ. ಬರಿದಾದ ಚೀಲದ ಬಾಯಿಯನ್ನು ಗಾಳಿಸಮೇತ ಸುತ್ತಿ ಮುಚ್ಚಿ, ತೇಪೆಯ ಮೇಲೆ ಸಾಬೂನಿನ ನೀರು ಸವರಿ ಅದುಮಿರಿ. ಗುಳ್ಳೆ ಏಳದಿದ್ದರೆ ಟಿಪ್ಪಣಿಗಳನ್ನು ಮತ್ತೆ ಒಳಗಿಡಬಹುದು.