ವೀರ್ಯಾಣುವಿನ ಬಲ ಮತ್ತು ತಾಯಿಯಿಂದ ಬಂದ ವಂಶವಾಹಿ

ಮದುವೆಯಾಗಿ ನಾಲ್ಕಾರು ವರ್ಷ ಕಳೆದರೂ ತೊಟ್ಟಿಲು ತೂಗದ ಮನೆಯಲ್ಲಿ ಮೊದಲು ವೈದ್ಯರ ಬಳಿಗೆ ಹೋಗುವವಳು ಸೊಸೆ. ಆಕೆಯ ರಕ್ತಪರೀಕ್ಷೆ, ಸ್ಕ್ಯಾನಿಂಗ್, ಅಂಡನಾಳದ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಯಾರೋ ಒಬ್ಬರು ಸಂಕೋಚದಿಂದ ಮಗನ ಮಾತು ಎತ್ತುತ್ತಾರೆ. ನಮ್ಮ ಭಾಷೆಯಲ್ಲಿ ‘ಬಂಜೆ’ ಎಂಬ ಶಬ್ದವಿದೆ; ಅಷ್ಟೇ ರೂಢಿಯಲ್ಲಿರುವ ಪುಲ್ಲಿಂಗ ಶಬ್ದ ನಮಗೆ ಕಾಣುವುದಿಲ್ಲ. ಆದರೆ ಸಂತಾನವಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪುರುಷನ ಕಡೆಯ ಕಾರಣ ಪೂರ್ತಿಯಾಗಿಯೋ ಭಾಗಶಃವಾಗಿಯೋ ಇರುತ್ತದೆ. ಅಂಥ ಕಾರಣಗಳಲ್ಲಿ ಈಚಿನ ದಶಕಗಳಲ್ಲಿ ವಿಜ್ಞಾನಿಗಳ ಗಮನ ಸೆಳೆದಿರುವ ಒಂದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ವೀರ್ಯಾಣುವಿಗೆ ತಲೆ, ನಡುಭಾಗ, ಬಾಲ ಎಂಬ ಮೂರು ಭಾಗಗಳಿವೆ. ತಲೆಯಲ್ಲಿ ತಂದೆಯ ವರ್ಣತಂತುಗಳು, ಬಾಲ ಈಜುವುದಕ್ಕೆ. ನಡುಭಾಗದಲ್ಲಿ ಐವತ್ತರಿಂದ ಎಪ್ಪತ್ತೈದರಷ್ಟು ಮೈಟೊಕಾಂಡ್ರಿಯಗಳು, ಕೋಲಿಗೆ ಹಗ್ಗ ಸುತ್ತಿದಂತೆ, ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಜೀವಕೋಶಕ್ಕೆ ಬೇಕಾದ ಶಕ್ತಿಯನ್ನು ಎಟಿಪಿ ಎಂಬ ರೂಪದಲ್ಲಿ ಸಿದ್ಧಪಡಿಸುವ ಸೂಕ್ಷ್ಮಾಂಗಗಳಿವು. ಬಾಲವು ಸಕ್ಕರೆಯನ್ನು ನೇರವಾಗಿ ಒಡೆದೂ ಸ್ವಲ್ಪ ಶಕ್ತಿ ಪಡೆಯುತ್ತದೆ. ಯಾವ ಮೂಲದ ಪಾಲು ಎಷ್ಟೆಂಬ ಚರ್ಚೆ ಇನ್ನೂ ನಡೆದಿದೆ. ಆದರೂ ಮೈಟೊಕಾಂಡ್ರಿಯಗಳು ಕೆಟ್ಟಲ್ಲಿ ವೀರ್ಯಾಣುವಿನ ಓಟ ಕುಂದುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಹೀಗೆ ಓಟ ಕುಂದಿದ ಸ್ಥಿತಿಯನ್ನು ವೈದ್ಯರು ಅಸ್ತೆನೊಜೂಸ್ಪರ್ಮಿಯ ಎನ್ನುತ್ತಾರೆ.

ಮೈಟೊಕಾಂಡ್ರಿಯದ ವಿಶೇಷವೆಂದರೆ ಅದಕ್ಕೆ ತನ್ನದೇ ಆದ ಡಿಎನ್‌ಎ ಇದೆ. ಅದರ 16,569 ಅಕ್ಷರಗಳ ಪೂರ್ಣ ಪಾಠವನ್ನು ಕೇಂಬ್ರಿಜ್‌ನ ವಿಜ್ಞಾನಿಗಳು 1981ರಲ್ಲಿ ಪ್ರಕಟಿಸಿದರು. ಅದರಲ್ಲಿರುವುದು ಕೇವಲ 37 ವಂಶವಾಹಿಗಳು. ಕೋಶಕೇಂದ್ರದ ಡಿಎನ್‌ಎ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಇದು ತಾಯಿಯಿಂದ ಮಾತ್ರ ಬರುತ್ತದೆ. ಅಂಡಾಣುವನ್ನು ಹೊಕ್ಕ ವೀರ್ಯಾಣುವಿನ ಮೈಟೊಕಾಂಡ್ರಿಯಗಳಿಗೆ ‘ಇವು ಬೇಡ’ ಎಂಬ ಗುರುತು ಮೊದಲೇ ಅಂಟಿರುತ್ತದೆ. ಅಂಡಾಣು ಅವುಗಳನ್ನು ನಾಶಮಾಡುತ್ತದೆ.

ಇದರಿಂದ ಒಂದು ವಿಚಿತ್ರ ಪರಿಣಾಮವಿದೆ. ಹೆಣ್ಣಿಗೆ ಹಾನಿ ಮಾಡುವ ದೋಷವಾದರೆ ಅವಳ ಸಂತಾನವೇ ಕಡಿಮೆಯಾಗಿ ಕಾಲಕ್ರಮದಲ್ಲಿ ಆ ದೋಷ ಅಳಿಯುತ್ತದೆ. ಆದರೆ ವೀರ್ಯಾಣುವಿಗೆ ಮಾತ್ರ ತೊಡಕಾಗುವ ದೋಷ ಹೆಣ್ಣಿಗೆ ಏನೂ ಮಾಡುವುದಿಲ್ಲ. ಅವಳ ಮೂಲಕ ತಲೆಮಾರಿನಿಂದ ತಲೆಮಾರಿಗೆ ಸದ್ದಿಲ್ಲದೆ ಸಾಗುತ್ತದೆ. ಈ ವಿಚಾರಕ್ಕೆ 2004ರಲ್ಲಿ ವಿಜ್ಞಾನಿಗಳು ‘ತಾಯಿಯ ಶಾಪ’ ಎಂಬ ಹೆಸರಿಟ್ಟರು. ಈ ಹೆಸರು ನಮಗೆ ಒಪ್ಪಿಗೆಯಾಗುವುದಿಲ್ಲ. ಸೊಸೆಯನ್ನು ಬಿಟ್ಟು ಅತ್ತೆಯನ್ನು ದೂರಲು ಇದೊಂದು ನೆಪವಾದೀತು. ಆ ತಾಯಿಗೆ ಅದು ಅವಳ ತಾಯಿಯಿಂದ ಬಂದದ್ದು; ತಿಳಿದು ಕೊಟ್ಟದ್ದಲ್ಲ, ತಡೆಯಬಹುದಾಗಿದ್ದದ್ದೂ ಅಲ್ಲ. ಎಷ್ಟೋ ಬಾರಿ ದೋಷ ತಾಯಿಯಲ್ಲಿ ಇರುವುದೇ ಇಲ್ಲ, ಮಗನ ವೃಷಣದಲ್ಲಿ ಹೊಸದಾಗಿ ಹುಟ್ಟಿರುತ್ತದೆ.

ಒಂದು ಕೋಶದಲ್ಲಿ ಈ ಡಿಎನ್‌ಎಯ ಪ್ರತಿಗಳು ಅನೇಕ. ಅವುಗಳಲ್ಲಿ ಕೆಲವು ಸರಿ, ಕೆಲವು ದೋಷಯುಕ್ತ ಆಗಿರಬಹುದು. ಕಣದ ರಾಶಿಯಲ್ಲಿ ನಾಲ್ಕು ಜೊಳ್ಳು ಇದ್ದರೆ ಯಾರಿಗೂ ತಿಳಿಯದು. ಜೊಳ್ಳೇ ಹೆಚ್ಚಾದರೆ ತೂಕ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ. ಜಪಾನಿನ ಸಂಶೋಧಕರು 2006ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು: ತುಂಡಾದ ಮೈಟೊಕಾಂಡ್ರಿಯ ಡಿಎನ್‌ಎ ಹೆಚ್ಚಿನ ಪಾಲಿನಲ್ಲಿದ್ದ ಗಂಡಿಲಿಗಳಲ್ಲಿ ವೀರ್ಯಾಣುಗಳು ಬೆಳೆಯುವ ಹಂತದಲ್ಲೇ ನಿಂತುಹೋದವು, ಬೆಳೆದವೂ ಸರಿಯಾಗಿ ಈಜಲಿಲ್ಲ.

ಮನುಷ್ಯರ ವಿಷಯದಲ್ಲಿ ಮಾತು ಇಷ್ಟು ಖಚಿತವಲ್ಲ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್, ಲಾಲ್ಜಿ ಸಿಂಗ್ ಮತ್ತು ಸಂಗಡಿಗರು ವೀರ್ಯಾಣುವಿನ ಮಂದ ಚಲನೆಗೆ ಮೈಟೊಕಾಂಡ್ರಿಯದ ಉತ್ಪರಿವರ್ತನೆಗಳು ಕಾರಣವಾಗಬಹುದೆಂದು 2003ರಲ್ಲಿ ವರದಿ ಮಾಡಿದರು. ಇನ್ನೊಂದೆಡೆ, ಮೈಟೊಕಾಂಡ್ರಿಯದ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವದ ವಂಶವಾಹಿಗೂ ಪುರುಷ ಬಂಜೆತನಕ್ಕೂ ನಂಟಿದೆಯೆಂದು 2001ರಲ್ಲಿ ಪ್ರಕಟವಾದ ಶೋಧವನ್ನು ಮುಂದಿನ ಹಲವು ಅಧ್ಯಯನಗಳು ಸಮರ್ಥಿಸಲಿಲ್ಲ. ಆದ್ದರಿಂದ ‘ಮೈಟೊಕಾಂಡ್ರಿಯ ಪರೀಕ್ಷೆ’ ಎಂದು ದುಬಾರಿ ಪರೀಕ್ಷೆಯನ್ನು ಯಾರಾದರೂ ಮೊದಲ ಭೇಟಿಯಲ್ಲೇ ಸೂಚಿಸಿದರೆ, ಅದರ ಫಲಿತಾಂಶದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಶಕ್ತಿವರ್ಧಕವೆಂದು ಮಾರಾಟವಾಗುವ ಮಾತ್ರೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಉತ್ಕರ್ಷಣ ನಿರೋಧಕ ಮಾತ್ರೆಗಳಿಂದ ವೀರ್ಯದ ಗುಣ ಸುಧಾರಿಸಲಿಲ್ಲ. ಆದರೆ ಪುರುಷನಿಗೋ ಅವನ ತಾಯಿ, ಸೋದರಮಾವಂದಿರಿಗೋ ಚಿಕ್ಕ ವಯಸ್ಸಿನಲ್ಲೇ ಕಿವುಡು, ಮಧುಮೇಹ, ಸ್ನಾಯುಗಳ ನಿಶ್ಶಕ್ತಿ, ಜೋಲುವ ರೆಪ್ಪೆಗಳು ಜೊತೆಗೂಡಿ ಬಂದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಅಂಥಲ್ಲಿ ಈ ಪರೀಕ್ಷೆಗೆ ಅರ್ಥವಿದೆ.

ಮೊದಲು ಆಗಬೇಕಾದದ್ದು ಸರಳವಾದ ವೀರ್ಯಪರೀಕ್ಷೆ. ಎರಡರಿಂದ ಏಳು ದಿನಗಳ ಸಂಯಮದ ನಂತರ ಕೊಡುವ ಮಾದರಿ ಸಾಕು, ನೋವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು ಮತ್ತು ಶೇಕಡ 42ರ ಚಲನೆ ಕೆಳಗಿನ ಮಿತಿ. ಒಂದು ವರ್ಷದೊಳಗೆ ಪತ್ನಿ ಗರ್ಭ ಧರಿಸಿದ ಪುರುಷರಲ್ಲೂ ನೂರಕ್ಕೆ ಐದು ಮಂದಿ ಪ್ರತಿಯೊಂದು ಮಿತಿಗಿಂತ ಕೆಳಗೇ ಇದ್ದರು. ಆದ್ದರಿಂದ ಒಂದು ವರದಿ ನೋಡಿ ಎದೆಗುಂದಬೇಕಾಗಿಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಜ್ವರ ಬಂದಿದ್ದರೆ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸುವುದು ಲೇಸು. ತಂಬಾಕು, ಗುಟ್ಕಾ ಬಿಡಬೇಕು. ಕುಲುಮೆ, ಬಾಯ್ಲರ್‌ಗಳ ಬಳಿ ದಿನವಿಡೀ ದುಡಿಯುವವರು ಅದನ್ನು ವೈದ್ಯರಿಗೆ ಹೇಳಬೇಕು. ವೃಷಣದ ರಕ್ತನಾಳಗಳು ಊದಿಕೊಳ್ಳುವ ವೆರಿಕೋಸೀಲ್ ಇದ್ದರೆ ಶಸ್ತ್ರಚಿಕಿತ್ಸೆ ಉಂಟು.

ಇಷ್ಟಾದರೂ ಓಟ ಸಾಲದಿದ್ದಲ್ಲಿ, 1992ರಿಂದ ಬಳಕೆಗೆ ಬಂದಿರುವ ಇಕ್ಸಿ ವಿಧಾನದಲ್ಲಿ ಒಂದೇ ವೀರ್ಯಾಣುವನ್ನು ಸೂಜಿಯ ಮೂಲಕ ಅಂಡಾಣುವಿನೊಳಗೆ ಸೇರಿಸುತ್ತಾರೆ. ಅದು ಈಜಬೇಕಾಗಿಯೇ ಇಲ್ಲ. ‘ನನ್ನ ದೋಷ ಮಗುವಿಗೂ ಹೋದೀತೆ?’ ಎಂಬುದು ಇಲ್ಲಿ ಅನೇಕ ಪುರುಷರನ್ನು ಕಾಡುವ ಭಯ. ಸಂಖ್ಯೆ ಬಹಳ ಕಡಿಮೆಯಿದ್ದಾಗ ವೈ ವರ್ಣತಂತುವಿನ ದೋಷ ಮಗನಿಗೆ ಹೋಗಬಲ್ಲದು. ಅದಕ್ಕೆ ಬೇರೆ ಪರೀಕ್ಷೆಯಿದೆ, ಮಾಡಿಸಬೇಕು. ದೋಷ ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿಯೇ ಇದ್ದರೆ ಆ ಭಯಕ್ಕೆ ಕಾರಣವಿಲ್ಲ. ಹುಟ್ಟುವ ಮಗುವಿನ ಮೈಟೊಕಾಂಡ್ರಿಯಗಳು ಅದರ ತಾಯಿಯವು.